ಖಾಜಾಬಿ ಎರಡು ಸಲ ಕರೆದಳು

ಇದು ನಮ್ಮ ಓಣಿ ಫಕ್ರುಸಾಬಗ ಆದದ್ದು. ನರಗುಂದದಾಗ, ಎರಡು ಸಾವಿರದ ಒಂಬತ್ತರ ಥಂಡಿಯೊಳಗ.

ರಾತ್ರಿ ಭಾಳ ಆಗಿತ್ತು. ಆಲದ ಗಿಡ ದಾಟಿ ಗ್ರಂಥಾಲಯದ ಕಡೆ ಹೊಂಟಿದ್ದ. ಬಗಲಾಗ ಮಗಳ ಲ್ಯಾಪ್‌ಟಾಪು, ಗಾದಿ ಅರಿವ್ಯಾಗ ಸುತ್ತಿದ್ದು. ಹಿಂದ ಆಲದ ಹಣ್ಣು ಬೀಳತಿದ್ದವು... ಟಪ್... ಟಪ್.

ಅವ ಗಾದಿ ಹೊಲಿಯಾಂವ. ಹೆಂಡ್ತಿ ಖಾಜಾಬಿಗೆ ಮಣ್ಣು ಕೊಟ್ಟು ಇನ್ನೂ ನಲವತ್ತು ದಿನ ತುಂಬಿರಲಿಲ್ಲ. ಫೋಟೋ ಇತ್ತು. ದನಿ ಇರಲಿಲ್ಲ. ಆ ದನಿ ದಿನಾ ಒಂದೀಟು ಮರತು ಹೋಗತಿತ್ತು ಅವಗ. ಅದಕ್ಕ ಜೀವ ಚಡಪಡಸತಿತ್ತು.

ಮಸ್ಕತದಾಗಿದ್ದ ಅಕ್ಕನ ಮಗ ಆರಿಫ, ಹಿಂದೊಮ್ಮೆ ಫೋನಿನಾಗ ಆಕೀ ಮಾತು ತುಂಬಿಟ್ಟಿದ್ದ. ಅದನ್ನ ಇಂಟರ್ನೆಟ್ಟಿಗೆ ಹಾಕ್ಯಾನ ಅಂತ ಮಗಳು ಸಿಮ್ರಾನ ಹೇಳಿದ್ಲು. ಗ್ರಂಥಾಲಯದಾಗ ಹೊಸಾ ವೈಫೈ ಪೆಟ್ಟಿಗಿ ಕುಂದರಿಸಿದ್ರು. ಬಾಗಲಾ ಹಾಕಿದ್ರೂ ಹೊರಗಿನ ಕಟ್ಟಿತನಕ ನೆಟ್ ಬರತಿತ್ತು. ಹಗಲೊತ್ತು ಒಮ್ಮೆ ಹೋದಾಗ, "ಕಾಕಾ, ಗಾದಿಯೊಳಗ ನೆಟ್ ತುಂಬಕೊಂಡು ಹೋಗಾಕ ಬಂದೀರೇನ್ರಿ?" ಅಂತ ಹುಡುಗೂರು ನಕ್ಕಿದ್ರು. ಅವರ ಮುಂದ ಹೆಂಡ್ತಿ ದನಿ ಕೇಳಾಕ ಅವಗ ಆಗಲಿಲ್ಲ. ತಿರುಗಿ ಬಂದಿದ್ದ.

ಕಟ್ಟಿ ಮ್ಯಾಲ ಕುಂತ. ಮಗಳು ತೋರಿಸಿದ್ದನ್ನ ಒತ್ತಿದ. ಲ್ಯಾಪ್‌ಟಾಪಿನ ಪಂಖಾ ಗುಂಯ್ ಅಂತು... ಗುಂಯ್... ಚಾರ್ಜ್ ಮುಗದು ಪಟ್ಟನೆ ಆರಿತು.

ಕತ್ತಲಿ. ಅವನ ಉಸಿರು ಅವಗ ಕೇಳತಿತ್ತು.

"ರೀ..."

ಖಾಜಾಬಿ ದನಿ. ಬಾಜೂಕ, ಕಿವಿ ಹಂತೇಲೆ.

ರಾತ್ರಿ ಯಾರರ ಕರದ್ರ ಮೂರನೇ ಸಲಕ್ಕ ಓ ಅನ್ನಬೇಕು, ದೆವ್ವ ಮೂರು ಸಲ ಕರಿಯೂದಿಲ್ಲ. ನಮ್ಮ ಕಡೆ ಸಣ್ಣ ಕೂಸಿಗೂ ಇದು ಗೊತ್ತು. ಫಕ್ರುಸಾಬ ತುಟಿ ಕಚ್ಚಿ ಹಿಡದ.

"ರೀ... ಥಂಡಿ ಆತೇನ್ರಿ?"

ಬಾಯಿ ತೆರದ... ತಡದ. ಇನ್ನೊಂದ ಸಲ ಕರೀಲಿ ಅಂತ ಕಾದ.

ಕರೀಲಿಲ್ಲ.

ಆಮ್ಯಾಲ ಓ ಅಂದ. ದೆವ್ವರ ಆಗಲಿ, ಏನರ ಆಗಲಿ, ಓ ಅಂದ. ಗಂಟಲಾ ಹರಿಯೂತನಕ ಅಂದ.

ಅಪ್ಪ ಮನಿಗೆ ಬರಲಿಲ್ಲಂತ ನಸುಕಿನ್ಯಾಗ ಸಿಮ್ರಾನ ನಮ್ಮ ಬಾಗಲಾ ಬಡದ್ಲು. ಇಬ್ಬರೂ ಹೋದ್ವಿ. ಅವ ಇನ್ನೂ ಓ ಅನಕೋತ ಕುಂತಿದ್ದ, ದನಿ ಇಲ್ಲದ, ಬರೇ ಬಾಯಿ.

"ಅಪ್ಪಾ... ಯಾರಿಗೆ ಓ ಅನ್ನಾಕತ್ತಿ?" ಮಗಳು ಪಿಸಗುಟ್ಟಿದ್ಲು.

"ನಿಮ್ಮವ್ವ ಕರದ್ಲು. ನಾ ಸುಮ್ಮ ಕುಂತೆ."

ರಟ್ಟಿ ಹಿಡದು ಎಬ್ಬಿಸಿದ್ವಿ. ಕಟ್ಟಿ ತುಂಬ ಇಬ್ಬನಿ ಬಿದ್ದು ತೊಯ್ದಿತ್ತು. ಅವ ಕುಂತ ಜಾಗ ಒಣ ಇತ್ತು. ಅದರ ಬಾಜೂಕ, ಇನ್ನೊಬ್ಬರು ಕುಂಡ್ರುವಷ್ಟು ಜಾಗ... ಅದೂ ಒಣ ಇತ್ತು.

ಖರೇನ. ನಾನ ಕೈ ಇಟ್ಟು ನೋಡೇನಿ.