ಹಲ್ಲು ಕಿಸಿಯೋ ರೋಗ

ಅಯ್ಯೋ, ನಗ್ಬೇಡಿ ಡಾಕ್ಟ್ರೇ! ಯಾಕ್ ನಗ್ತೀರಾ? ಈಗ ಯಾರಾದ್ರೂ ಹಲ್ಲು ಬಿಟ್ರೆ ಎದೆ ಧಸಕ್ ಅನ್ನುತ್ತೆ. ಪಕ್ಕದ್ಮನೆ ಹೊನ್ನೇಶನ ಎಮ್ಮೆನೂ ಹಿಂಗೇ ಕಣ್ರೀ, ಮೊದ್ಲು ನಕ್ಕಿದ್ದು! "ಬಾರೇ ಪಾಪಮ್ಮ, ಎಮ್ಮೆ ನಗ್ತಿದೆ ನೋಡು" ಅಂತ ನಮ್ಮೆಜಮಾನ್ರು ಕೂಗಿದ್ರು. ನಾನು ಒಲೆ ಬಿಟ್ಟು ಬರೋ ಅಷ್ಟ್ರಲ್ಲಿ ಕುಂಡೆ ಹಿಡ್ಕೊಂಡು ಓಡ್ತಾ ಇದ್ರು. ಪಂಚೆ ಎಮ್ಮೆ ಬಾಯಲ್ಲಿ!

ಈಗ ಕಡೂರು ಆಸ್ಪತ್ರೇಲಿ ಮಲಗಿದಾರೆ. ತಾಳಿ ಕಟ್ಟಿದಾಗಿಂದ ನನ್ನ ಮುಖ ನೋಡಿ ಒಂದ್ಸಲ ನಕ್ಕೋರಲ್ಲ... ಈಗ ಬಂದೋರಿಗೆಲ್ಲ ಹಲ್ಲು ಕಿಸೀತಾರಂತೆ. ನಕ್ಕು ನಕ್ಕು ಕಾಂಪೌಂಡರ್ ಭುಜಕ್ಕೇ ಬಾಯಿ ಹಾಕಿದ್ರಂತೆ. ಮಂಚಕ್ಕೆ ಕಟ್ಟಿ ಹಾಕಿದಾರೆ, ಪಾಪ.

ಇದಾ? ಸೆರಗಾ? ಹಲ್ಲುನೋವು ಕಣ್ರೀ. ದವಡೆ ಊದ್ಕೊಂಡಿದೆ, ಅದಕ್ಕೇ ಬಾಯಿ ಮುಚ್ಕೊಂಡಿದೀನಿ. ನೀವು ದನದ ಡಾಕ್ಟ್ರು, ನನ್ನ ಹಲ್ಲು ಕಟ್ಕೊಂಡು ಏನ್ ಮಾಡ್ತೀರಾ! ಕೂತ್ಕೊಳಿ. ಬೆಳಿಗ್ಗೆಯಿಂದ ಬಿಸಿಲಲ್ಲಿ ಅಲೆದಿದೀರಾ. ತಗೊಳಿ ಕಾಪಿ, ಬಿಸಿ ಇದ್ದಂಗೇ ಕುಡಿದ್ಬಿಡಿ.

ದನ? ಎಲ್ಲಿದೆ ದನ? ಕೊಟ್ಟಿಗೆ ನೋಡಿದ್ರಲ್ಲ, ಖಾಲಿ. ಕೆಂದಿ ಅಂತ ಒಂದು ಹಸು ಇತ್ತು. ಹಗ್ಗ ಕಿತ್ಕೊಂಡು ಹೋಯ್ತು, ಅಜ್ಜಂಪುರದ ಕಡೆಗೆ. ರೈಲು ಹತ್ತಿತೋ ಏನೋ!

ಹುಟ್ಟಿದ ದಿನವೇ ಅದರ ತಾಯಿ ಸತ್ತೋಯ್ತು. ನಾನೇ ರಾಗಿ ಗಂಜಿ ಬೆರಳಲ್ಲಿ ಚೀಪಿಸಿ ಸಾಕಿದ್ದು. ನಂಗೆ ಮಕ್ಕಳಿಲ್ಲ ಡಾಕ್ಟ್ರೇ. ಅದೇ ನನ್ನ ಮಗಳು. ರೋಗದ ದನಕ್ಕೆ ಗುಂಡು ಹಾಕೋಕೆ ಅಂತ ನಿಮ್ಮ ಜೀಪಿನೋರು ಕೋವಿ ಹಿಡ್ಕೊಂಡು ಬಾಗಿಲಲ್ಲಿ ನಿಂತ್ರೆ ಹೊಟ್ಟೆ ಉರಿಯಲ್ವಾ ಹೇಳಿ?

ಸದ್ದಾ? ಬಚ್ಚಲುಮನೇಲಾ? ... ಹಂಡೆ ಕಣ್ರೀ. ನೀರು ಕಾಯ್ತಾ ಇದೆ. ಒದ್ದಂಗೆ ಕೇಳ್ತಾ? ಹಳೇ ಹಂಡೆ, ಹಂಗೇ ಒದೆಯುತ್ತೆ!

ನಿಮ್ಮ ಮೈಕಿನ ಆಟೋದೋನು ಬೇರೆ, ಬೆಳಗಾದ್ರೆ ಬಡ್ಕೋತಾನೆ. ಕಚ್ಚಿಸ್ಕೋಬೇಡಿ, ಹಾಲು ಕುಡೀಬೇಡಿ, ಹಾಲಲ್ಲೂ ರೋಗ ಬರುತ್ತೆ ಅಂತ. ಡೇರಿಗೆ ಬೀಗ. ಅಂಗಡೀಲಿ ಪಾಕೆಟ್ಟೂ ಇಲ್ಲ, ಪುಡೀನೂ ಇಲ್ಲ. ಪಂಚನಹಳ್ಳಿ ಪೂರ್ತಿ ಹುಡುಕಿದ್ರೂ ಒಂದ್ ತೊಟ್ಟು ಹಾಲು ಸಿಗಲ್ಲ! ಎದುರುಮನೆ ಅಂಬಮ್ಮ, ಬೀಗರು ಬಂದ್ರೆ ಕರಿ ಕಾಪಿ ಕೊಟ್ಲಂತೆ. ಥೂ! ಮನೆಗೆ ಬಂದೋರಿಗೆ ಕರಿ ಕಾಪಿನಾ? ಮಾನ ಮರ್ಯಾದೆ ಬೇಡ್ವಾ? ನಮ್ಮನೇಲಂತೂ ಯಾವತ್ತೂ...

ಯಾಕ್ ಡಾಕ್ಟ್ರೇ, ಎದ್ಬಿಟ್ರಿ? ಲೋಟ ಯಾಕ್ ಹಂಗ್ ನೋಡ್ತೀರಾ? ನೊಣ ಬಿದ್ದಿತ್ತಾ?

...

ಅಯ್ಯೋ.

ಡಾಕ್ಟ್ರೇ, ನಿಮ್ಮ ಕಾಲು ಹಿಡ್ಕೋತೀನಿ, ಜೀಪಿನೋರನ್ನ ಕರೀಬೇಡಿ. ಬಚ್ಚಲಲ್ಲಿ ಕಟ್ಟಿದೀನಿ, ಹೌದು. ಅದು ಯಾರನ್ನೂ ಕಚ್ಚಿಲ್ಲ. ಹಾಲು ಕರೆಯೋವಾಗ ಸುಮ್ನೆ ತಿರುಗಿ ನಗುತ್ತೆ, ಅಷ್ಟೆ. ಹಾಲಲ್ಲಿ ಏನೂ ಇಲ್ಲ ಕಣ್ರೀ, ನಾನೇ ದಿನಾ ಕುಡೀತೀನಲ್ಲ! ನಂಗೇನಾಗಿದೆ? ನೋಡಿ, ಚೆನ್ನಾಗಿ ನೋಡಿ...

ಸೆರಗು ಯಾವಾಗ ಜಾರ್ತು?

ಹಿಂದಕ್ಕೆ ಯಾಕ್ ಹೋಗ್ತೀರಾ? ನಾನು ನಗ್ತಿಲ್ಲ. ಅದು ತಾನಾಗೇ... ನಿನ್ನೆಯಿಂದ ಮುಚ್ಚಕ್ಕೇ ಆಗ್ತಿಲ್ಲ. ನಂಗೂ ಭಯ ಆಗುತ್ತೆ ಡಾಕ್ಟ್ರೇ, ತುಂಬಾ ಭಯ ಆಗುತ್ತೆ. ಅಲ್ಲೇ ನಿಲ್ಲಿ, ಬಾಗಿಲು ತೆಗೀಬೇಡಿ...

ಸರಿ. ಹೋಗೋದಾದ್ರೆ ಹೋಗಿ, ಹೇಳೋದಾದ್ರೆ ಹೇಳಿ. ಆದ್ರೆ ತಳ ಕಾಣೋ ಹಂಗೆ ಕುಡಿದಿದೀರಾ ನೀವು. ಕರ್ಚೀಪು ಇದ್ಯಾ? ಕೈಯಲ್ಲೇ ಇಟ್ಕೊಂಡಿರಿ.

ಜೀಪಿನೋರು ಕೇಳಿದ್ರೆ, ಹಲ್ಲುನೋವು ಅಂದ್ಬಿಡಿ.