ಟೀಚರಮ್ಮನ ದನಿ

ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತ ದರ್ಜಿ ಕಣ್ಣು ಮುಚ್ಚಿದ್ದನೇ ಹೊರತು ಕಿವಿ ಮುಚ್ಚಿರಲಿಲ್ಲ. ಮುಂದಿನ ಸೀಟಿನಲ್ಲಿ ಅಕ್ಕ, ತಂಗಿ. ತಂಗಿಯ ಮಡಿಲಲ್ಲಿ ಇನ್ನೂ ಮಾತು ಬಾರದ ಮಗಳು.

"ಆಸ್ಪತ್ರೇಲಿ ಮಾತು ಕಲಿಸೋ ಟೀಚರಮ್ಮ ಇನ್ನು ಬರೋದೇ ಇಲ್ವಂತಾ?" ಎಂದಳು ಅಕ್ಕ.

"ಇಲ್ಲ ಕಣಕ್ಕ. ಸರ್ಕಾರದ ಹತ್ರ ದುಡ್ಡಿಲ್ವಂತೆ, ಆ ಕೆಲಸಾನೇ ತೆಗೆದುಬಿಟ್ರು. ಕೋಣೆಗೆ ಬೀಗ."

"ನೀನೇ ಕಲಿಸೇ. ಊರಿಗೆಲ್ಲ ಹಂಚಿದ್ರೂ ಮಿಗೋವಷ್ಟು ಮಾತಿದೆ ನಿನ್ನ ಬಾಯಲ್ಲಿ."

"ನನ್ನ ದನಿಗೆ ಇವಳು ತುಟಿ ಪಿಟಕ್ ಅನ್ನಲ್ಲ. ಅದಕ್ಕೇ ಅವರ ಥರಾನೇ ಮೂಗಲ್ಲಿ ರಾಗ ಎಳೀತೀನಿ. 'ಎಲ್ಲೀ ಪುಟ್ಟಾ, ತುಟಿ ಸೇರ್ಸೂ... ಮ್ಮಾ!'"

"ಮ್ಮಾ," ಎಂದಿತು ಮಗು.

ಅಕ್ಕ ಬಿದ್ದುಬಿದ್ದು ನಕ್ಕಳು. "ಥೇಟ್ ಅವರೇ ಕಣೇ! ಮತ್ತಿನ್ನೇನು ಚಿಂತೆ?"

"ನೋಡಿದಷ್ಟನ್ನ ಮಾಡಿ ತೋರಿಸ್ತೀನಿ. ಪ, ಬ, ಮ ಆಯ್ತು. 'ಕ'ಗೆ ನಾಲಿಗೆ ಎಲ್ಲಿಡಬೇಕು ಅಂತ ಹೇಳೋ ಮುಂಚೆನೇ ಅವರನ್ನ ಕಳಿಸಿಬಿಟ್ರು."

"ಹಂಗಾದ್ರೆ?"

"ದಿನಾ 'ಮ್ಮಾ'ನೇ ಹೇಳಿಸ್ತೀನಿ. ಇನ್ನೇನ್ ಮಾಡ್ಲಿ ಅಕ್ಕ?"

ಅವರ ಸ್ಟಾಪು ಬಂತು, ಮಗುವನ್ನೆತ್ತಿಕೊಂಡು ಇಳಿದುಹೋದರು. ದರ್ಜಿ ಬಾಯೊಳಗೇ 'ಕ' ಎಂದು ನೋಡಿದ, ಮತ್ತೊಮ್ಮೆ ನೋಡಿದ. ನಾಲಿಗೆ ಎಲ್ಲಿ ತಾಗಿತೆಂದು ಅವನಿಗೂ ಹೇಳಲಾಗಲಿಲ್ಲ.