ಜಗಲಿಯ ಮೂವತ್ತು ಹುಡುಗಿಯರು

ತೀರಿಹೋದ ಗಂಡನ ಬೊಜ್ಜದ ಕ್ರಿಯೆ ಮುಗಿದ ಮರುದಿನ ಬೆಳಿಗ್ಗೆ ಅವರು ತಂದಿದ್ದ ಪುಸ್ತಕ ಹಿಂದಿರುಗಿಸಲು ಪುತ್ತೂರಿನ ವಾಚನಾಲಯಕ್ಕೆ ಹೋದೆ. ಊರಿನ ಚರಿತ್ರೆ ಬರೆದ ಕೇಕುಣ್ಣಾಯ ಮಾಸ್ತರರನ್ನು ಅಡಿಕೆ ವ್ಯಾಪಾರಿ ಆದಂ ಕುಂಞಿ ಬಾಗಿಲಲ್ಲೇ ತಡೆದಿದ್ದರು.

“ನಮ್ಮ ಹೆಣ್ಣುಮಕ್ಕಳು ಓದುದೇ ಇಲ್ಲ ಅಂತ ಬರೆದಿರಲ್ಲ ಮಾಸ್ಟ್ರೆ, ಅದನ್ನೇ ತೋರಿಸಿ ಸರಕಾರದವರು ನಮಗೆ ಹೆಣ್ಣುಮಕ್ಕಳ ಶಾಲೆ ಬೇಡ ಅಂದಿದ್ದಾರೆ.”

“ದಾಖಲೆಯಲ್ಲಿ ಒಂದು ಹೆಸರೂ ಇಲ್ಲ, ಸಾಹುಕಾರ್ರೆ.”

“ನನ್ನ ಹೆತ್ತ ಉಮ್ಮ ನಮ್ಮ ಮನೆ ಜಗಲಿಯಲ್ಲಿ ಮೂವತ್ತು ಹುಡುಗಿಯರಿಗೆ ಕುರ್‌ಆನೂ ಲೆಕ್ಕವೂ ಕಲಿಸಿದ್ದಾರೆ.”

“ನನಗೆ ಯಾರೂ ಹೇಳಲಿಲ್ಲ.”

“ಅದೇ ಜಗಲಿಯಲ್ಲಿ ಚಾ ಕುಡಿದು ಅಡಿಕೆಯ ಧಾರಣೆ ಮಾತ್ರ ಕೇಳಿದಿರಿ, ಮಾರಾಯ್ರೆ!”

“ಈಗ ಉಮ್ಮನನ್ನೇ ಕೇಳ್ತೇನೆ.”

“ಅವರು ಪರಗಂಡಸರ ಎದುರು ಬರುದಿಲ್ಲ. ನಿಮ್ಮ ಹೆಂಡತಿಯನ್ನು ಕಳಿಸಿ, ಬರೆದುಕೊಳ್ಳಲಿ.”

ಮಾಸ್ತರರು ಕೊಡೆ ಬಿಡಿಸಿದರು. “ಅವಳಿಗೆ ಬರೆಯಲು ಬರುದಿಲ್ಲ.”

ಇಬ್ಬರೂ ಮೆಟ್ಟಿಲಿಳಿದರು.

ಗಂಡ ತಂದಿದ್ದದ್ದೂ ಮಾಸ್ತರರ ಆ ಪುಸ್ತಕವನ್ನೇ. ಪೆನ್ಸಿಲ್ ಕೇಳಿ ಪಡೆದು, ಹೆಣ್ಣುಮಕ್ಕಳು ಓದುವುದಿಲ್ಲ ಎಂದಿದ್ದ ಪುಟದ ಅಂಚಿನಲ್ಲಿ ‘ಜಗಲಿಯಲ್ಲಿ ಮೂವತ್ತು ಮಂದಿ’ ಎಂದು ಬರೆದು, ಹಿಂದಿರುಗಿಸಿದೆ.